ಅರ್ಮೇನಿಯಾದ ಕಸೂತಿ: ನೀವು ಕೇಳಿದ್ದಕ್ಕೆ ಉತ್ತರ

ಕಳೆದ ಸಂಚಿಕೆಯಲ್ಲಿ ಅರ್ಮೇನಿಯಾದ ಮರಾಶ್ ಕಸೂತಿ ಬಗ್ಗೆ ಬರೆದಿದ್ದೆ. ಮಗಳು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಗ ನಾನೂ ಅವಳ ಜೊತೆ ಹೋಗಿ ಇದ್ದೆ. ಸಿರಿಯಾದ ಅಲೆಪ್ಪೊದಿಂದ ಬಂದು ಅಲ್ಲಿ ನೆಲೆಸಿದ್ದ ಒಬ್ಬ ಅಜ್ಜಿ ನನಗೆ ಆ ಕಸೂತಿಯನ್ನು ಕೈ ಹಿಡಿದು ಕಲಿಸಿದರು. ಅದನ್ನು ಓದಿ ತುಂಬ ಜನ ಪತ್ರ ಬರೆದಿದ್ದೀರಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮರಾಶ್ ಅಂತ ಅರ್ಮೇನಿಯಾದ ಮ್ಯಾಪ್‌ನಲ್ಲಿ ಹುಡುಕಿದೆ. ಸಿಗಲೇ ಇಲ್ಲ. ಅದು ಎಲ್ಲಿದೆ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಿಗುವುದಿಲ್ಲ ಮಗಳೇ. ಮರಾಶ್ ಇವತ್ತಿನ ಅರ್ಮೇನಿಯಾ ದೇಶದೊಳಗೆ ಇಲ್ಲ, ತುರ್ಕಿಯ ದಕ್ಷಿಣ ಭಾಗದಲ್ಲಿದೆ. ಈಗ ಅದರ ಹೆಸರು ಕಹ್ರಾಮನ್‌ಮರಾಶ್. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ ಭಾರೀ ಭೂಕಂಪ ಆಯಿತಲ್ಲ, ಆಗ ಸುದ್ದಿಯಲ್ಲಿ ದಿನವೂ ಕೇಳಿಬರುತ್ತಿದ್ದ ಊರು ಅದೇ.

ಅರ್ಮೇನಿಯನ್ ಕಸೂತಿಯ ದೊಡ್ಡ ಹೆಸರುಗಳೆಲ್ಲ ಹೀಗೇ. ಐನ್‌ತಾಬ್ ಅಂದರೆ ಈಗಿನ ಗಾಜಿಯಾಂತೆಪ್. ಸ್ವಾಜ್ ಅಂದರೆ ಸಿವಾಸ್. ಕಾರಿನ್ ಅಂದರೆ ಎರ್ಜುರುಮ್. ಉರ್ಫಾ, ವಾನ್ ಕೂಡ ಗಡಿಯ ಆಚೆಗೇ ಇವೆ. ತುರ್ಕರ ಒಟೊಮನ್ ಸಾಮ್ರಾಜ್ಯದ ಆಳ್ವಿಕೆಯಲ್ಲಿ ಈ ಊರುಗಳಲ್ಲೆಲ್ಲ ಅರ್ಮೇನಿಯನ್ನರು ತಲೆತಲಾಂತರದಿಂದ ಬಾಳಿದ್ದರು. 1915ರಲ್ಲಿ ಶುರುವಾದ ನರಮೇಧದಲ್ಲಿ ಲಕ್ಷಾಂತರ ಜನ ಸತ್ತರು, ಬದುಕಿದವರು ದಿಕ್ಕಾಪಾಲಾದರು. ಕಸೂತಿಗೆ ಮಾತ್ರ ಊರಿನ ಹೆಸರು ಅಂಟಿಕೊಂಡೇ ಉಳಿಯಿತು.

ಒಂದೊಂದು ಊರಿನ ಕೈ ಒಂದೊಂದು ಥರ. ಐನ್‌ತಾಬಿನದು ಬಿಳಿ ಬಟ್ಟೆಯ ಮೇಲೆ ಬಿಳಿ ದಾರ. ಬಟ್ಟೆಯಿಂದ ಕೆಲವು ಎಳೆಗಳನ್ನು ಹುಷಾರಾಗಿ ಎಳೆದು ತೆಗೆಯುತ್ತಾರೆ. ಉಳಿದ ಎಳೆಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ ಬಿಗಿದು ಜಾಲರಿ ಮಾಡುತ್ತಾರೆ. ದೂರದಿಂದ ನೋಡಿದರೆ ಬರೀ ಬಿಳಿ ಬಟ್ಟೆ. ಬೆಳಕಿಗೆ ಹಿಡಿದಾಗಲೇ ಅದರ ಚೆಂದ ಗೊತ್ತಾಗುವುದು. ಮರಾಶಿನದು ಇದಕ್ಕೆ ಪೂರಾ ಉಲ್ಟಾ. ಗಾಢ ಬಣ್ಣದ ಬಟ್ಟೆ, ಅದರ ಮೇಲೆ ಎದ್ದು ಕಾಣುವ ದಪ್ಪ ಹೆಣಿಗೆ.

ಅಂಗಡಿಗಳಲ್ಲಿ ಎಲ್ಲವನ್ನೂ ಸೇರಿಸಿ ‘ಅರ್ಮೇನಿಯನ್ ಎಂಬ್ರಾಯ್ಡರಿ’ ಅಂತ ಒಂದೇ ಚೀಟಿ ಅಂಟಿಸುತ್ತಾರೆ. ನನಗೆ ಅದು ಸರಿಬರುವುದಿಲ್ಲ. ಮನೆ, ತೋಟ, ಚರ್ಚು, ಗೋರಿ ಎಲ್ಲ ಕಳೆದುಕೊಂಡವರು ಉಳಿಸಿಕೊಂಡ ಹೆಸರು ಅದು. ನೀವು ಯಾರಿಗಾದರೂ ಹೇಳುವಾಗ ಊರಿನ ಹೆಸರು ಹಿಡಿದೇ ಹೇಳಿ.

ಇನ್ನೊಂದು ಮಾತು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ತುರ್ಕಿ ಭಾಷೆಯಲ್ಲಿ ‘ಮರಾಶ್ ಇಶಿ’ ಅಂತ ಬರುತ್ತದೆ. ಅದು ಮಖಮಲ್ ಮೇಲೆ ಜರಿಯಲ್ಲಿ ಮಾಡುವ ಉಬ್ಬು ಕಸೂತಿ. ಅದೂ ಆ ಊರಿನದೇ, ಚೆನ್ನಾಗಿಯೂ ಇರುತ್ತದೆ. ಆದರೆ ನಾನು ಬರೆದದ್ದು ಆ ಕೆಲಸದ ಬಗ್ಗೆ ಅಲ್ಲ.

ಪ್ರಶ್ನೆ: ನೀವು ಹಾಕಿದ್ದ ಫೋಟೋ ನೋಡಿ ಆಶ್ಚರ್ಯ ಆಯಿತು. ನಾವು ಬ್ಲೌಸ್ ಮೇಲೆ ಹಾಕುವ ಕಚ್ ವರ್ಕ್ ಇದೇ ಅಲ್ವಾ? ಅವರಿಂದ ಇವರು ಕಲಿತರಾ, ಇವರಿಂದ ಅವರಾ?
– ಟೈಲರಿಂಗ್ ಅಂಗಡಿ ನಡೆಸುವವರು, ಗದಗ

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಎರಡರ ಬುನಾದಿಯೂ ಒಂದೇ. ಯಾರಿಂದ ಯಾರು ಕಲಿತರು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಇದೇ ಹೆಣಿಗೆ ಜರ್ಮನಿಯ ಮಧ್ಯಯುಗದ ಚರ್ಚ್ ಬಟ್ಟೆಗಳಲ್ಲೂ ಇದೆ. ಸೂಜಿ ದಾರ ಇರುವ ಕಡೆ ಒಳ್ಳೆಯ ಯೋಚನೆ ಬಂದೇ ಬರುತ್ತದೆ. ನನಗೆ ಕುತೂಹಲ ಇರುವುದು ಮಾಡುವ ರೀತಿಯಲ್ಲಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವು ಕೆಲಸ ಗೊತ್ತಿರುವವರು.

ಮೊದಲು ಬಟ್ಟೆಯ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದುಕೊಳ್ಳಬೇಕು. ಆಮೇಲೆ ಬುನಾದಿಯ ಎಳೆಗಳು. ಶಿಲುಬೆಯಾಕಾರದ ಒಂದು ಮನೆಗೆ ನಾಲ್ಕು ಉದ್ದ ಎಳೆ ಅಂದುಕೊಳ್ಳಿ. ಎರಡು ಈ ಕಡೆ ವಾಲಿದ್ದು, ಎರಡು ಆ ಕಡೆ ವಾಲಿದ್ದು. ಅವು ಒಂದನ್ನೊಂದು ದಾಟುವ ಜಾಗಕ್ಕೆ ಕತ್ತರಿ ಅನ್ನೋಣ. ಗುಟ್ಟು ಇರುವುದು ಅಲ್ಲೇ. ಒಂದು ಕತ್ತರಿಯಲ್ಲಿ ಮೇಲೆ ಹೋದ ಎಳೆ ಮುಂದಿನ ಕತ್ತರಿಯಲ್ಲಿ ಕೆಳಗೆ ಹೋಗಬೇಕು. ಪಟ್ಟಿಯಾಗಿ ಹಾಕುವುದಾದರೆ ಎರಡು ಸಾಲು ಹೆರಿಂಗ್‌ಬೋನ್, ಅಂದರೆ ಎಳೆಗಳು ಓರೆಯಾಗಿ ಒಂದನ್ನೊಂದು ದಾಟುವ ಹೊಲಿಗೆ. ಅಲ್ಲೂ ಇದೇ ನಿಯಮ.

ಇಷ್ಟು ಮುಗಿದಾಗ ನೋಡಲು ಏನೂ ಇರುವುದಿಲ್ಲ. ಅಡ್ಡಾದಿಡ್ಡಿ ಗೀಚಿದ ಹಾಗೆ ಕಾಣುತ್ತದೆ. ಎರಡನೇ ದಾರ ಬಂದ ಮೇಲೆ ಅದಕ್ಕೆ ರೂಪ ಬರುತ್ತದೆ. ಈ ದಾರ ಬಟ್ಟೆಗೆ ಚುಚ್ಚುವುದೇ ಇಲ್ಲ. ಶುರುವಿನಲ್ಲಿ ಒಮ್ಮೆ ಮೇಲೆ ಬರುತ್ತದೆ, ಕೊನೆಯಲ್ಲಿ ಒಮ್ಮೆ ಕೆಳಗೆ ಹೋಗುತ್ತದೆ. ನಡುವೆಯೆಲ್ಲ ಬುನಾದಿಯ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ನುಸುಳಿಕೊಂಡು ಸಾಗುತ್ತದೆ. ಚೂಪು ತುದಿ ಎಳೆಯನ್ನು ಸೀಳಬಾರದು ಅಂತ ಸೂಜಿಯನ್ನು ತಿರುಗಿಸಿ ಹಿಡಿದು ಕಣ್ಣಿನ ಕಡೆಯಿಂದಲೇ ತೂರಿಸಬಹುದು. ಮೊಂಡು ಸೂಜಿ ಇದ್ದರೆ ಇನ್ನೂ ಒಳ್ಳೆಯದು.

ನನಗೆ ಕಲಿಸಿದ ಅಜ್ಜಿಗೂ ನನಗೂ ಮಾತು ಜಾಸ್ತಿ ಇರಲಿಲ್ಲ. ಅವರಿಗೆ ಬರುತ್ತಿದ್ದದ್ದು ಅರ್ಮೇನಿಯನ್ ಮತ್ತು ಅರಬ್ಬಿ. ಎರಡನೇ ದಾರ ಪೋಣಿಸುವ ಮೊದಲು ಅವರು ಬಟ್ಟೆಯನ್ನು ತೊಡೆಯ ಮೇಲೆ ಹರವಿ ಪ್ರತಿ ಕತ್ತರಿಯನ್ನೂ ಉಗುರಿನಿಂದ ಮುಟ್ಟುತ್ತಿದ್ದರು. ಮುಟ್ಟುವಾಗ ತುಟಿ ಅಲುಗುತ್ತಿತ್ತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಆಮೇಲೆ ನನ್ನ ಬೆರಳು ಹಿಡಿದು ಅದನ್ನೇ ಮಾಡಿಸುತ್ತಿದ್ದರು. ಈ ಪರೀಕ್ಷೆ ಯಾಕೆ ಬೇಕು ಅಂದರೆ, ಬುನಾದಿಯಲ್ಲಿ ಒಂದು ಕಡೆ ಲೆಕ್ಕ ತಪ್ಪಿದರೆ ಅದು ಅಲ್ಲೇ ಕಾಣುವುದಿಲ್ಲ. ಹೆಣಿಗೆ ಎಷ್ಟೋ ಮನೆ ಮುಂದೆ ಹೋಗಿ, ಸುತ್ತು ಹಾಕಿ ವಾಪಸ್ ಬರುವಾಗ ದಾರಿ ಮುಚ್ಚಿಕೊಂಡಿರುತ್ತದೆ. ಆಗ ಬಿಚ್ಚುವುದೊಂದೇ ಉಪಾಯ.

ಎಳೆಯನ್ನು ಬಿಗಿಯಾಗಿ ಜಗ್ಗಬಾರದು, ಅದೂ ಮುಖ್ಯ. ಬುನಾದಿ ಸ್ವಲ್ಪ ಸಡಿಲವಾಗಿ ಮಲಗಿರಬೇಕು. ಎರಡನೇ ದಾರಕ್ಕೂ ಜಾಗ ಬೇಕಲ್ಲ.

ಇನ್ನು ವ್ಯತ್ಯಾಸ. ಕಚ್ ಕೆಲಸದಲ್ಲಿ ಹಲವು ಬಣ್ಣ, ಕನ್ನಡಿ, ನಡುವಿನ ಜಾಗ ತುಂಬುವ ಬೇರೆ ಸ್ಟಿಚ್‌ಗಳು ಇರುತ್ತವೆ. ನಾನು ಕಲಿತ ಮರಾಶಿನಲ್ಲಿ ಬಣ್ಣ ಕಡಿಮೆ. ಖಾಲಿ ಬಿಟ್ಟ ಬಟ್ಟೆಯೂ ಡಿಸೈನಿನ ಭಾಗವೇ. ಶಿಲುಬೆ, ನಕ್ಷತ್ರ, ಒಂದಕ್ಕೊಂದು ಹೆಣೆದ ಚೌಕಗಳು ಗಾಢ ಬಟ್ಟೆಯ ಮೇಲೆ ಬಿಡಿಸಿಟ್ಟ ಹಾಗೆ ನಿಲ್ಲುತ್ತವೆ. ಅರ್ಮೇನಿಯಾದ ಶಿಲುಬೆ ಕಲ್ಲುಗಳನ್ನು, ಅಂದರೆ ಖಾಚ್ಕಾರ್‌ಗಳನ್ನು ನೋಡಿದವರಿಗೆ ಈ ಹೆಣಿಗೆಯ ಪರಿಚಯ ತಾನಾಗಿಯೇ ಸಿಗುತ್ತದೆ. ಕಲ್ಲಿನಲ್ಲೂ ಅದೇ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ.

ಪ್ರಶ್ನೆ: ಊರು ಬಿಟ್ಟು ಓಡಿದವರ ಕೈಯಲ್ಲಿ ಕಸೂತಿ ಹೇಗೆ ಉಳಿಯಿತು? ಜೀವ ಉಳಿಸಿಕೊಳ್ಳುವುದೇ ಕಷ್ಟ ಇರುವಾಗ ಸೂಜಿ ದಾರ ಯಾರಿಗೆ ನೆನಪಿರುತ್ತದೆ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸರ್, ಎಷ್ಟೋ ಹೆಂಗಸರ ಪಾಲಿಗೆ ಜೀವ ಉಳಿಸಿದ್ದೇ ಸೂಜಿ ದಾರ.

ಇದು 1915ಕ್ಕಿಂತ ಹಿಂದಿನಿಂದ ಶುರುವಾಗುತ್ತದೆ. 1895ರಲ್ಲಿ ಒಟೊಮನ್ ನಾಡಿನ ಹಲವು ಊರುಗಳಲ್ಲಿ ಅರ್ಮೇನಿಯನ್ನರ ಕಗ್ಗೊಲೆ ನಡೆಯಿತು. ಉರ್ಫಾದಲ್ಲಿ ಗಂಡಸರು ಸತ್ತು, ವಿಧವೆಯರು ಮತ್ತು ಮಕ್ಕಳು ಬೀದಿಗೆ ಬಿದ್ದರು. ಅಲ್ಲಿದ್ದ ಅಮೆರಿಕದ ಮಿಶನರಿ ಕೊರಿನಾ ಶಾಟಕ್ ಅವರಿಗೆ ಕಸೂತಿ ಕರವಸ್ತ್ರದ ಕೆಲಸ ಹಚ್ಚಿದರು. ಆ ಕರವಸ್ತ್ರಗಳು ಹೊರದೇಶಗಳಲ್ಲಿ ಮಾರಾಟವಾದವು. ಮದುವೆಗೆ ಅಂತ ಮನೆಯಲ್ಲಿ ಹಾಕುತ್ತಿದ್ದ ಕಸೂತಿ ಹೊಟ್ಟೆಪಾಡಿನ ಕೆಲಸವಾಯಿತು.

ಆಮೇಲೆ 1915. ಮರಾಶಿನವರ ಕತೆ ಅದರ ನಂತರವೂ ಮುಗಿಯಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರೆಂಚ್ ಸೈನ್ಯದ ನೆರಳಿನಲ್ಲಿ ಕೆಲವರು ವಾಪಸ್ ಬಂದರು. 1920ರ ಫೆಬ್ರವರಿಯಲ್ಲಿ ಆ ಸೈನ್ಯ ಮರಾಶಿನಿಂದ ಕಾಲ್ತೆಗೆಯಿತು. ಸಾವಿರಾರು ಜನ ಅದರ ಹಿಂದೆಯೇ ಹಿಮದಲ್ಲಿ ನಡೆದರು. ದಾರಿಯಲ್ಲಿ ಸತ್ತವರು ಬಹಳ. ಮುಂದೆ ಫ್ರಾನ್ಸ್ ಆ ಪ್ರದೇಶವನ್ನೇ ಬಿಟ್ಟುಕೊಟ್ಟಾಗ ಉಳಿದವರು ಸಿರಿಯಾ, ಲೆಬನಾನ್ ಕಡೆ ಹೋದರು.

ಅಲೆಪ್ಪೊದಲ್ಲಿ ಡೆನ್ಮಾರ್ಕಿನ ಕರೆನ್ ಯೆಪ್ಪೆ ಅನ್ನುವ ಮಹಾತಾಯಿ ಇದ್ದರು. ಮರುಭೂಮಿಯ ಬಿಡಾರಗಳಲ್ಲಿ, ಕಂಡವರ ಮನೆಗಳಲ್ಲಿ ಸಿಕ್ಕಿಕೊಂಡಿದ್ದ ಅರ್ಮೇನಿಯನ್ ಹೆಂಗಸರು ಮಕ್ಕಳನ್ನು ಬಿಡಿಸಿ ತರುವ ಕೆಲಸವನ್ನು ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಅವರಿಗೆ ವಹಿಸಿತ್ತು. 1935ರಲ್ಲಿ ಅಲ್ಲೇ ತೀರಿಕೊಂಡರು. ಅವರ ಆಶ್ರಯದಲ್ಲಿ ಕಸೂತಿ ಶಾಲೆಯೂ ಇತ್ತು. ಅರ್ಮೇನಿಯಾದ ಗ್ಯುಮ್ರಿ ಪಟ್ಟಣದಲ್ಲಿ, ಆಗ ಅದಕ್ಕೆ ಅಲೆಕ್ಸಾಂಡ್ರೊಪೋಲ್ ಅಂತ ಹೆಸರು, ಅಮೆರಿಕದ ನಿಯರ್ ಈಸ್ಟ್ ರಿಲೀಫ್ ಸಂಸ್ಥೆ ನಡೆಸಿದ ಅನಾಥಾಲಯಗಳಲ್ಲಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಮಕ್ಕಳಿದ್ದರು. ಇಂಥ ಅನಾಥಾಲಯಗಳಲ್ಲಿ ಹುಡುಗಿಯರಿಗೆ ಸೂಜಿ ಕೆಲಸ ಪಾಠದ ಭಾಗವೇ ಆಗಿತ್ತು.

ನನಗೆ ಕಲಿಸಿದ ಅಜ್ಜಿಯ ತಾಯಿ ಹಾಗೆ ಕಲಿತವರು. ಹುಟ್ಟಿದ್ದು ಮರಾಶಿನಲ್ಲಿ. ಅವರಿಗೆ ತಮ್ಮ ತಾಯಿಯ ಮುಖ ನೆನಪಿರಲಿಲ್ಲವಂತೆ. ಹೊಲಿಗೆ ಕಲಿತದ್ದು ಅಲೆಪ್ಪೊದಲ್ಲಿ, ತಮ್ಮದೇ ಊರಿನ ಬೇರೆ ಯಾರದೋ ತಾಯಿಯಿಂದ. ಇದನ್ನು ಹೇಳುವಾಗ ಅಜ್ಜಿ ಅಳಲಿಲ್ಲ. ಕೈ ನಿಲ್ಲಿಸದೆ ಹೊಲಿಯುತ್ತಲೇ ಹೇಳಿದರು. ಕೇಳಿದ ಮೊಮ್ಮಗಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅನಾಥಾಲಯದಲ್ಲಿ ಊರೂರಿನ ಹುಡುಗಿಯರು ಒಂದೇ ಬೆಂಚಿನಲ್ಲಿ ಕೂತರು. ವಾನ್‌ನ ಹುಡುಗಿ ಮರಾಶ್ ಕಲಿತಳು, ಮರಾಶಿನವಳು ಐನ್‌ತಾಬ್ ಕಲಿತಳು. ಕೊಳ್ಳುವವರು ಹೊರದೇಶದವರು. ಅವರಿಗೆ ಬೇಕಾಗಿದ್ದು ಮೇಜಿನ ಬಟ್ಟೆ, ಕರವಸ್ತ್ರ, ದಿಂಬಿನ ಕವರ್. ಮದುವೆಯ ಏಪ್ರನ್, ಕುಪ್ಪಸ ಹಿಂದೆ ಸರಿದವು. ಇದರಿಂದ ಅಪ್ಪಟ ಶೈಲಿ ಕೆಟ್ಟಿತು ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈ ಬದುಕಿದ್ದರೆ ಏಪ್ರನ್ ಯಾವತ್ತಾದರೂ ಮತ್ತೆ ಮಾಡಬಹುದು.

ಲೆಬನಾನಿನ ಬೈರೂತ್ ಪಕ್ಕದಲ್ಲಿ ಬುರ್ಜ್ ಹಮ್ಮೂದ್ ಅಂತ ಅರ್ಮೇನಿಯನ್ನರ ಪಟ್ಟಣ ಇದೆ. ನಿರಾಶ್ರಿತರೇ ಕಟ್ಟಿದ್ದು. ಅಲ್ಲಿಯ ಒಂದು ಬಡಾವಣೆಯ ಹೆಸರು ನೋರ್ ಮರಾಶ್, ಅಂದರೆ ಹೊಸ ಮರಾಶ್. ಪಕ್ಕದಲ್ಲೇ ನೋರ್ ಅದಾನಾ, ನೋರ್ ಸಿಸ್. ಬಾದ್ಗೇರ್ ಅನ್ನುವ ಸಾಂಸ್ಕೃತಿಕ ಕೇಂದ್ರವೂ ಆ ಮರಾಶ್ ಬಡಾವಣೆಯಲ್ಲೇ ಇದೆ. ಅರ್ಮೇನಿಯನ್ ಕೈಕೆಲಸಕ್ಕೆ ಅದು ಒಂದು ನೆಲೆ.

2011ರ ನಂತರ ಸಿರಿಯಾದಲ್ಲಿ ಯುದ್ಧ ಹತ್ತಿಕೊಂಡಾಗ ಅಲೆಪ್ಪೊದ ಸಾವಿರಾರು ಅರ್ಮೇನಿಯನ್ನರು ಯೆರೆವಾನ್‌ಗೆ ಬಂದರು. ಅಜ್ಜಿಯೂ ಹಾಗೆ ಬಂದವರು. ತಾಯಿ ಒಂದು ಊರು ಕಳೆದುಕೊಂಡರು, ಮಗಳು ಇನ್ನೊಂದು. ಹೊಲಿಗೆ ಎರಡು ಸಲವೂ ಜೊತೆಗೆ ಬಂತು.

ಪ್ರಶ್ನೆ: ಈಗ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇದೆ. ಡಿಸೈನ್ ಫೀಡ್ ಮಾಡಿದರೆ ಬೇಕಾದಷ್ಟು ಪೀಸ್ ಬರುತ್ತವೆ. ಡಿಸೈನ್ ಉಳಿದರೆ ಸಾಕಲ್ಲ, ಕೈಯಲ್ಲೇ ಮಾಡಬೇಕು ಅನ್ನುವ ಹಟ ಯಾಕೆ?
– ಗಾರ್ಮೆಂಟ್ಸ್ ಉದ್ಯೋಗಿ, ತುಮಕೂರು

ಉತ್ತರ: ಮಷಿನ್ ಬಗ್ಗೆ ನನಗೆ ದ್ವೇಷ ಇಲ್ಲ. ಆದರೆ ಮೇಲೆ ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮರಾಶಿನ ಎರಡನೇ ದಾರ ಬಟ್ಟೆಗೆ ಚುಚ್ಚುವುದಿಲ್ಲ. ಮಷಿನ್ನಿನ ಸೂಜಿ ಪ್ರತಿ ಸ್ಟಿಚ್‌ಗೂ ಚುಚ್ಚಲೇಬೇಕು. ಮೇಲಿನ ದಾರ ಬಾಬಿನ್ ದಾರಕ್ಕೆ ಸಿಕ್ಕಿಕೊಂಡರೆ ತಾನೇ ಸ್ಟಿಚ್ ಆಗುವುದು. ಹಾಗಾಗಿ ಮಷಿನ್ ಮರಾಶ್ ಹೊಲಿಯಲು ಆಗುವುದಿಲ್ಲ. ಮರಾಶಿನ ಹಾಗೆ ಕಾಣುವ ಚಿತ್ರ ಬಿಡಿಸುತ್ತದೆ ಅಷ್ಟೇ. ಬಟ್ಟೆ ತಿರುಗಿಸಿದರೆ ತಕ್ಷಣ ಗೊತ್ತಾಗುತ್ತದೆ. ಕೈಕೆಲಸದ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಸಣ್ಣ ಗೀಟುಗಳ ಸಾಲು ಬಿಟ್ಟರೆ ಏನೂ ಇರುವುದಿಲ್ಲ. ಮಷಿನ್ನಿನದಾದರೆ ಹಿಂದೆಯೂ ದಾರ ತುಂಬಿಕೊಂಡಿರುತ್ತದೆ.

ಯೆರೆವಾನ್‌ನ ರಿಪಬ್ಲಿಕ್ ಚೌಕದ ಹತ್ತಿರ ವೆರ್ನಿಸಾಜ್ ಅಂತ ಕೈಕೆಲಸದ ಬೀದಿ ಸಂತೆ ಇದೆ. ಶನಿವಾರ, ಭಾನುವಾರ ಜೋರಾಗಿ ನಡೆಯುತ್ತದೆ. ಅಲ್ಲಿ ಎರಡೂ ಬಗೆ ಅಕ್ಕಪಕ್ಕದಲ್ಲೇ ಹರವಿಟ್ಟಿರುತ್ತಾರೆ. ಪ್ರವಾಸಿಗರು ಬಂದು ಎರಡಕ್ಕೂ ಒಂದೇ ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಕೈಯಲ್ಲಿ ಮಾಡಿದವಳು ಅಲ್ಲಿ ಸೋಲುತ್ತಾಳೆ. ನನಗೆ ಸಂಕಟ ಆಗುವುದು ಅದಕ್ಕೇ. ಅಜ್ಜಿಯ ಮೊಮ್ಮಗಳಿಗೆ ಹೊಲಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅವಳು ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾಳೆ. ಬಾಡಿಗೆ ಕಟ್ಟಬೇಕಲ್ಲ. ಕಲೆ ಉಳಿಸಬೇಕು ಅಂತ ಭಾಷಣ ಮಾಡುವವರು ಮೊದಲು ಕೈಕೆಲಸಕ್ಕೆ ತಕ್ಕ ಕೂಲಿ ಕೊಟ್ಟು ಕೊಳ್ಳಲಿ. ಹುಡುಗಿಯರು ತಾವಾಗಿ ಕಲಿಯುತ್ತಾರೆ.

ಮ್ಯೂಸಿಯಂಗಳ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. ಯೆರೆವಾನ್‌ನ ಜನಪದ ಕಲೆಗಳ ಮ್ಯೂಸಿಯಂ, ಸರ್ದಾರಾಪಾತ್‌ನ ಜನಾಂಗ ಅಧ್ಯಯನ ಮ್ಯೂಸಿಯಂ ಎರಡನ್ನೂ ನೋಡಲೇಬೇಕು. ಬರ್ಲಿನ್‌ನಲ್ಲಿ 2010ರಲ್ಲಿ ಶುರುವಾದ ಹುಷಮಾದ್ಯಾನ್ ಅನ್ನುವ ಯೋಜನೆ ಒಟೊಮನ್ ಕಾಲದ ಅರ್ಮೇನಿಯನ್ ಊರುಗಳ ದಿನನಿತ್ಯದ ಬದುಕನ್ನು ದಾಖಲಿಸುತ್ತಿದೆ. ಮನೆಮನೆಯ ಫೋಟೋ, ವಸ್ತುಗಳ ವಿವರ ಎಲ್ಲ ಅಲ್ಲಿ ಸೇರುತ್ತಿವೆ. ಗಾಜಿನ ಹಿಂದಿನ ಬಟ್ಟೆ ನಮಗೆ ಡಿಸೈನ್ ತೋರಿಸುತ್ತದೆ. ಎರಡನೇ ದಾರ ಯಾವ ಮೂಲೆಯಿಂದ ಹೊರಟು ಯಾವ ಸುತ್ತು ಹಾಕಿತು ಅನ್ನುವುದನ್ನು ಪಕ್ಕದಲ್ಲಿ ಕೂತ ಯಾರಾದರೂ ತೋರಿಸಬೇಕು.

ಪ್ರಶ್ನೆ: ಅರ್ಮೇನಿಯನ್ನರು ಕ್ರೋಶಾ ಕಡ್ಡಿ ಇಲ್ಲದೆ ಲೇಸ್ ಮಾಡುತ್ತಾರಂತೆ, ನಿಜವಾ?
– ಗೃಹಿಣಿ, ಕುಂದಾಪುರ

ಉತ್ತರ: ನಿಜ. ಅದಕ್ಕೆ ಜನ್ಯಾಕ್ ಅನ್ನುತ್ತಾರೆ. ಮಾಮೂಲಿ ಹೊಲಿಗೆ ಸೂಜಿ ಮತ್ತು ದಾರ, ಅಷ್ಟೇ. ಕುಣಿಕೆ ಹಾಕಿ ಪ್ರತಿ ಕುಣಿಕೆಗೂ ಗಂಟು ಬಿಗಿಯುತ್ತಾ ಹೋಗುತ್ತಾರೆ. ಮುಂದಿನ ಸಾಲಿನ ಗಂಟು ಹಿಂದಿನ ಸಾಲಿನ ಕುಣಿಕೆಯಲ್ಲಿ. ಕ್ರೋಶಾ ಆದರೆ ಒಂದು ಎಳೆ ಜಗ್ಗಿದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇದು ಹಾಗಲ್ಲ. ಎಲ್ಲ ಕಡೆಯೂ ಗಂಟು ಇರುವುದರಿಂದ ಒಂದು ಕಡೆ ಹರಿದರೂ ಉಳಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ತಲೆವಸ್ತ್ರದ ಅಂಚಿಗೆ ಹಾಕುವ ಇಂಥ ಲೇಸ್ ತುರ್ಕಿ ಮತ್ತು ಗ್ರೀಕ್ ಹೆಂಗಸರಲ್ಲೂ ಇದೆ. ನಾನು ನೋಡಿದ್ದೇನೆ, ಕಲಿತಿಲ್ಲ. ಆದ್ದರಿಂದ ಜಾಸ್ತಿ ಹೇಳಲು ಹೋಗುವುದಿಲ್ಲ.

ಪ್ರಶ್ನೆ: ನಿಮ್ಮ ಲೇಖನದಲ್ಲಿ ಹುಳದಿಂದ ಮಾಡುವ ಕೆಂಪು ಬಣ್ಣದ ವಿಷಯ ಒಂದೇ ಸಾಲಿನಲ್ಲಿ ಇತ್ತು. ಸ್ವಲ್ಪ ವಿವರಿಸಿ.
– ಕೃಷಿ ಪದವೀಧರ, ಹಾಸನ

ಉತ್ತರ: ಅದರ ಹೆಸರು ವೋರ್ದಾನ್ ಕಾರ್ಮಿರ್. ಅರಾರಾತ್ ಬಯಲಿನ ಉಪ್ಪು ನೆಲದಲ್ಲಿ ಬೆಳೆಯುವ ಹುಲ್ಲಿನ ಬೇರಿಗೆ ಅಂಟಿಕೊಂಡು ಬದುಕುವ ಸಣ್ಣ ಕೀಟ. ವರ್ಷವಿಡೀ ಮಣ್ಣಿನೊಳಗೇ ಇರುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬೆಳಗಿನ ಜಾವ ಹೆಣ್ಣು ಕೀಟಗಳು ಗಂಡಿನ ಜೊತೆ ಕೂಡಲು ಹೊರಗೆ ಬರುತ್ತವೆ. ಆ ಹೊತ್ತಿನಲ್ಲೇ ಆರಿಸಿಕೊಳ್ಳಬೇಕು. ಒಣಗಿಸಿ, ಅರೆದು ಬಣ್ಣ ತೆಗೆಯುತ್ತಿದ್ದರು. ರೇಷ್ಮೆ, ಉಣ್ಣೆಗೆ ಮಾತ್ರವಲ್ಲ, ಹಸ್ತಪ್ರತಿಗಳ ಚಿತ್ರಗಳಿಗೂ ಅದೇ ಕೆಂಪು. ಅರಬ್ ಬರಹಗಾರರು ಆ ಬಯಲಿನ ಅರ್ತಾಶಾತ್ ಪಟ್ಟಣವನ್ನು ಈ ಬಣ್ಣದ ಊರು ಅಂತಲೇ ಕರೆದಿದ್ದಾರೆ.

ಅಮೆರಿಕ ಖಂಡದ ಕಳ್ಳಿಹುಳದ ಬಣ್ಣ ಅಗ್ಗವಾಗಿ ಸಿಗತೊಡಗಿತು. ಆಮೇಲೆ ರಾಸಾಯನಿಕ ಬಣ್ಣ ಬಂತು. ಇದನ್ನು ಕೇಳುವವರಿಲ್ಲದಂತಾಯಿತು. ಸೋವಿಯತ್ ಕಾಲದಲ್ಲಿ ಉಪ್ಪು ನೆಲವನ್ನು ಉತ್ತು ಹೊಲ ಮಾಡಿದಾಗ ಕೀಟದ ನೆಲೆಯೇ ಕುಗ್ಗಿತು. ಕೊನೆಗೆ 1987ರಲ್ಲಿ ಅರ್ಮಾವಿರ್ ಪ್ರಾಂತ್ಯದಲ್ಲಿ ಈ ಕೀಟಕ್ಕಾಗಿಯೇ ಸರ್ಕಾರ ಒಂದು ರಕ್ಷಿತ ಜಾಗ ಮಾಡಿತು. ಹಳೆಯ ಕೆಂಪು ದಾರವೆಲ್ಲ ಈ ಹುಳದ್ದೇ ಅಂದುಕೊಳ್ಳಬೇಡಿ. ಮನೆಬಳಕೆಗೆ ಜಾಸ್ತಿ ಬಳಸುತ್ತಿದ್ದದ್ದು ಮಂಜಿಷ್ಠದ ಬೇರು. ಹುಳದ ಕೆಂಪು ದುಬಾರಿ.

ಪ್ರಶ್ನೆ: ನಾವು ಅರ್ಮೇನಿಯಾದವರಲ್ಲ. ನಾವು ಕಲಿತು ಹಾಕಿಕೊಂಡರೆ ತಪ್ಪಾಗುತ್ತದಾ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಬೇಕು?
– ಇಬ್ಬರು ಅಕ್ಕತಂಗಿಯರು, ಶಿರಸಿ

ಉತ್ತರ: ತಪ್ಪಿಲ್ಲ. ನಾನೂ ಇದೇ ಪ್ರಶ್ನೆ ಅಜ್ಜಿಗೆ ಕೇಳಿದ್ದೆ. ಅವರು ನನ್ನ ಕೈಗೆ ಇನ್ನೊಂದು ಬಣ್ಣದ ದಾರದ ಉಂಡೆ ಕೊಟ್ಟು ಮುಂದುವರಿಸು ಅಂತ ಸನ್ನೆ ಮಾಡಿದರು. ಹಾಕಿಕೊಳ್ಳಿ, ಇನ್ನೊಬ್ಬರಿಗೆ ಕಲಿಸಿ. ಯಾರಾದರೂ ಕೇಳಿದರೆ ಮರಾಶ್ ಅಂತ ಹೆಸರು ಹೇಳಿ. ಮಾರುವುದಾದರೂ ಅಷ್ಟೇ, ಹೊಸ ಹೆಸರು ಕಟ್ಟಬೇಡಿ.

ಶುರುವಿಗೆ ಮ್ಯಾಟಿ ಬಟ್ಟೆ ತಗೊಳ್ಳಿ. ಎಳೆ ಎಣಿಸಬಹುದು, ಗೆರೆ ಎಳೆಯುವ ತಾಪತ್ರಯ ಇರುವುದಿಲ್ಲ. ಆರು ಎಳೆಯ ಮಾಮೂಲಿ ಎಂಬ್ರಾಯ್ಡರಿ ದಾರ ಬೇಡ, ಹೆಣೆಯುವಾಗ ಎಳೆ ಬಿಡಿಬಿಡಿಯಾಗುತ್ತದೆ. ಹುರಿ ಮಾಡಿದ ಪರ್ಲ್ ಕಾಟನ್ ತಗೊಳ್ಳಿ. ಬುನಾದಿಗೆ ಒಂದು ಬಣ್ಣ, ಹೆಣಿಗೆಗೆ ಇನ್ನೊಂದು ಬಣ್ಣ ಇಟ್ಟುಕೊಂಡರೆ ದಾರಿ ಕಣ್ಣಿಗೆ ಕಾಣುತ್ತದೆ. ಕೈಗೆ ಬಂದ ಮೇಲೆ ಒಂದೇ ಬಣ್ಣದಲ್ಲಿ ಮಾಡಿ. ರಿಂಗ್ ಬಿಗಿಯಾಗಿರಲಿ, ದಾರ ಸಡಿಲವಾಗಿರಲಿ. ಮೊದಲು ಒಂದೇ ಒಂದು ಶಿಲುಬೆ ಹಾಕಿ. ಪಟ್ಟಿಗೆ ಆತುರಪಡಬೇಡಿ. ಒಂದು ಮನೆಯ ಸುತ್ತು ಅರ್ಥವಾದರೆ ದೊಡ್ಡ ಡಿಸೈನ್ ಅದರ ಮುಂದುವರಿಕೆ ಅಷ್ಟೇ.

ಅಕ್ಕತಂಗಿಯರು ಜೊತೆಗೆ ಕೂತು ಕಲಿಯುತ್ತೀರಿ ಅಂತ ಓದಿ ಬಹಳ ಖುಷಿಯಾಯಿತು. ಒಬ್ಬರು ಹೊಲಿಯುವಾಗ ಇನ್ನೊಬ್ಬರು ಕತ್ತರಿಗಳನ್ನು ಪರೀಕ್ಷೆ ಮಾಡಿ.

ಪ್ರಶ್ನೆ: ನನ್ನ ಮಗ ಯೆರೆವಾನ್‌ನಲ್ಲಿ ಓದುತ್ತಿದ್ದಾನೆ. ಗೆಳೆಯನ ಮನೆಯವರು ಅವನಿಗೆ ಹಳೆಯ ಕಸೂತಿ ಬಟ್ಟೆಯೊಂದನ್ನು ಉಡುಗೊರೆ ಕೊಟ್ಟಿದ್ದಾರೆ. ಅಂಚಿನಲ್ಲಿ ಅಕ್ಷರಗಳಿವೆ. ಏನಿರಬಹುದು? ಅದನ್ನು ಹೇಗೆ ಇಡುವುದು?
– ತಾಯಿ, ಬಳ್ಳಾರಿ

ಉತ್ತರ: ಅಕ್ಷರ ಇದ್ದರೆ ಬಹುಪಾಲು ಅದು ಹೆಸರು. ಮಾಡಿದವಳದು ಅಥವಾ ಯಾರ ನೆನಪಿಗೆ ಮಾಡಿದ್ದೋ ಅವರದು. ಅರ್ಮೇನಿಯನ್ ಚರ್ಚಿನ ಕೇಂದ್ರವಾದ ಎಚ್ಮಿಯಾಡ್ಜಿನ್‌ನ ಮಹಾ ಚರ್ಚಿನ ಖಜಾನೆಯಲ್ಲಿ ಕಸೂತಿ ಮಾಡಿದ ಪರದೆಗಳೂ ಪಾದ್ರಿಗಳ ಉಡುಪುಗಳೂ ಇವೆ. ಅರ್ಮೇನಿಯನ್ ಚರ್ಚಿನಲ್ಲಿ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ ಬಲಿಪೀಠದ ಮುಂದೆ ಪರದೆ ಎಳೆಯುತ್ತಾರೆ. ಅದಕ್ಕೇ ಪರದೆ ಕಾಣಿಕೆ ಕೊಡುವುದು ದೊಡ್ಡ ಸೇವೆ. ಕೊಟ್ಟವರು ತಮ್ಮ ಹೆಸರು, ತೀರಿಕೊಂಡವರ ಹೆಸರು, ವರ್ಷ ಎಲ್ಲವನ್ನೂ ಸೂಜಿಯಲ್ಲೇ ಬರೆಸುತ್ತಿದ್ದರು.

ವರ್ಷ ಓದುವುದಕ್ಕೆ ಒಂದು ಉಪಾಯ ಹೇಳಿಕೊಡುತ್ತೇನೆ. ಮೆಸ್ರೋಪ್ ಮಶ್ತೋತ್ಸ್ ಅನ್ನುವ ಸಂತ 405ರ ಸುಮಾರಿಗೆ ರೂಪಿಸಿದ ಅರ್ಮೇನಿಯನ್ ಲಿಪಿಯಲ್ಲಿ 36 ಅಕ್ಷರಗಳಿದ್ದವು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇದೆ. ಹಳೆಯ ಬಟ್ಟೆಗಳಲ್ಲಿ ವರ್ಷವನ್ನು ಆ ಅಕ್ಷರಗಳಲ್ಲೇ ಬರೆಯುತ್ತಾರೆ. ಅದು ಅರ್ಮೇನಿಯನ್ ಶಕೆ. ನಮ್ಮ ಲೆಕ್ಕಕ್ಕೆ ತರಲು 551 ಕೂಡಿಸಬೇಕು. ಅಕ್ಷರಗಳ ಬೆಲೆ 1200 ಅಂತ ಬಂದರೆ ಬಟ್ಟೆ 1751ರದ್ದು. ಇತ್ತೀಚಿನದಾದರೆ ಮಾಮೂಲಿ ಅಂಕಿಗಳಲ್ಲೇ ಇರುತ್ತದೆ.

ಬಟ್ಟೆ ಇನ್ನೂ ಯೆರೆವಾನ್‌ನಲ್ಲೇ ಇದ್ದರೆ ಒಂದು ವಿಷಯ ಗಮನಿಸಿ. ಹಳೆಯ ಕಲಾವಸ್ತುಗಳನ್ನು ಅರ್ಮೇನಿಯಾದಿಂದ ಹೊರಗೆ ತರಲು ಸಂಸ್ಕೃತಿ ಖಾತೆಯ ಅನುಮತಿ ಪತ್ರ ಬೇಕಾಗುತ್ತದೆ. ಏರ್‌ಪೋರ್ಟಿನಲ್ಲಿ ತೊಂದರೆ ಆಗುವ ಮೊದಲೇ ಮಗ ವಿಚಾರಿಸಿಕೊಳ್ಳಲಿ.

ಮನೆಗೆ ಬಂದ ಮೇಲೆ ತೊಳೆಯಬೇಡಿ. ಹಳೆಯ ಕೆಂಪು, ನೀಲಿ ನೀರು ಸೋಕಿದರೆ ಹರಡಿಕೊಳ್ಳಬಹುದು. ಪ್ಲಾಸ್ಟಿಕ್ ಕವರಿನಲ್ಲೂ ಹಾಕಬೇಡಿ, ತೇವ ಒಳಗೇ ನಿಲ್ಲುತ್ತದೆ. ಹಳೆಯ ಬಿಳಿ ಹತ್ತಿ ಪಂಚೆಯನ್ನು ಚೆನ್ನಾಗಿ ಒಗೆದು ಒಣಗಿಸಿ ಅದರಲ್ಲಿ ಸುತ್ತಿ. ಮಡಚುವ ಬದಲು ಸುರುಳಿ ಮಾಡುವುದು ಒಳ್ಳೆಯದು. ಮಡಚಲೇಬೇಕಾದರೆ ಆಗಾಗ ತೆಗೆದು ಮಡಿಕೆಯ ಜಾಗ ಬದಲಿಸಿ, ಇಲ್ಲದಿದ್ದರೆ ಆ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಗೋಡೆಗೆ ಹಾಕುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ ಆರಿಸಿ, ಗಾಜು ಬಟ್ಟೆಗೆ ಅಂಟದ ಹಾಗೆ ಫ್ರೇಮ್ ಮಾಡಿಸಿ.

ಮಗನಿಗೆ ಹೇಳಿ, ಗೆಳೆಯನ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಈ ಬಟ್ಟೆ ಯಾರು ಮಾಡಿದ್ದು, ಅವರು ಯಾವ ಊರಿನವರು ಅಂತ. ಆ ಚೀಟಿಯನ್ನು ಬಟ್ಟೆಗೆ ಪಿನ್ ಮಾಡಬೇಡಿ, ತುಕ್ಕು ಹಿಡಿಯುತ್ತದೆ. ಬೇರೆ ಕವರಿನಲ್ಲಿ ಹಾಕಿ ಅದೇ ಪೆಟ್ಟಿಗೆಯಲ್ಲಿ ಇಡಿ. ಅಂಚಿನ ಅಕ್ಷರಗಳ ಫೋಟೋ ಮತ್ತು ಹಿಂಬದಿಯ ಫೋಟೋ ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನನ್ನ ಮಗಳಿಗೆ ಅರ್ಮೇನಿಯನ್ ಓದಲು ಬರುತ್ತದೆ, ಅವಳಿಂದ ಓದಿಸಿ ತಿಳಿಸುತ್ತೇನೆ.